ಪ್ರೂಫ್‌ಲೈಕ್ ನಾಣ್ಯ

ಪ್ರೂಫ್‌ಲೈಕ್ ನಾಣ್ಯ ಎಂದರೆ ಸಾಮಾನ್ಯ ಚಲಾವಣೆಗಾಗಿ ಟಂಕಿಸಿದ್ದರೂ ಪ್ರೂಫ್ ನಾಣ್ಯವನ್ನು ಹೋಲುವಂತೆ ಕನ್ನಡಿಯಂಥ ಮೇಲ್ಮೈಯನ್ನು ಪಡೆದಿರುವ ನಾಣ್ಯ. ಅದರ ಬಯಲು ಭಾಗದಲ್ಲಿ ಎದುರಿಗೆ ಹಿಡಿದ ವಸ್ತುವಿನ ಪ್ರತಿಬಿಂಬ ಸ್ಪಷ್ಟವಾಗಿ ಕಾಣುತ್ತದೆ. ಈ ಹೊಳಪು ಟಂಕಸಾಲೆಯಲ್ಲಿ, ನಾಣ್ಯ ರೂಪುಗೊಂಡ ಗಳಿಗೆಯಲ್ಲಿಯೇ, ಅಚ್ಚಿನ ನುಣುಪಿನಿಂದ ಬಂದಿರಬೇಕು. ಆನಂತರ ಉಜ್ಜಿ, ತಿಕ್ಕಿ ಅಥವಾ ಲೇಪ ಕೊಟ್ಟು ಬರಿಸಿದ ಹೊಳಪು ಈ ಹೆಸರಿಗೆ ಅರ್ಹವಲ್ಲ. ಹೀಗಾಗಿ ಇಂಥ ನಾಣ್ಯವನ್ನು ಗುರುತಿಸುವ ಕೆಲಸದಲ್ಲಿ ಎರಡು ಪ್ರಶ್ನೆಗಳಿವೆ: ನಾಣ್ಯ ಎಷ್ಟು ಹೊಳೆಯುತ್ತದೆ ಎಂಬುದು ಒಂದು, ಆ ಹೊಳಪು ಎಲ್ಲಿಂದ ಬಂತು ಎಂಬುದು ಇನ್ನೊಂದು. ಕರ್ನಾಟಕದ ಮನೆಗಳಲ್ಲಿ ಪೂಜೆಗೆಂದು ವರ್ಷವರ್ಷವೂ ತೊಳೆದು ಉಜ್ಜಿದ ಹಳೆಯ ಬೆಳ್ಳಿ ರೂಪಾಯಿಗಳು ಹೇರಳವಾಗಿರುವುದರಿಂದ ಇಲ್ಲಿನ ಸಂಗ್ರಾಹಕರಿಗೆ ಎರಡನೆಯ ಪ್ರಶ್ನೆಯೇ ಹೆಚ್ಚು ಮುಖ್ಯವಾಗುತ್ತದೆ.

ಪರಿಭಾಷೆ

ನಾಣ್ಯದ ಮೇಲೆ ಚಿತ್ರವಾಗಲಿ ಅಕ್ಷರವಾಗಲಿ ಇಲ್ಲದ ಸಮತಟ್ಟಾದ ಭಾಗವನ್ನು ಬಯಲು ಎಂದೂ, ಎದ್ದು ನಿಂತಿರುವ ಮುಖ, ಲಾಂಛನ, ಬರಹಗಳನ್ನು ಉಬ್ಬುಚಿತ್ರ ಎಂದೂ ಈ ಲೇಖನದಲ್ಲಿ ಕರೆಯಲಾಗಿದೆ. ಚಿತ್ರವನ್ನು ತಿರುವುಮುರುವಾಗಿ ಕೊರೆದಿರುವ ಉಕ್ಕಿನ ಮುದ್ರೆಗೆ ಅಚ್ಚು ಎಂದೂ, ಇನ್ನೂ ಮುದ್ರೆಯೊತ್ತದ ಲೋಹದ ತುಂಡಿಗೆ ಬಿಲ್ಲೆ ಎಂದೂ ಹೆಸರು. ಎರಡು ಅಚ್ಚುಗಳ ನಡುವೆ ಬಿಲ್ಲೆಯನ್ನಿಟ್ಟು ಒತ್ತುವ ಕ್ರಿಯೆಯೇ ಟಂಕನ.

ಅಚ್ಚು ಮತ್ತು ನಾಣ್ಯದ ಸಂಬಂಧ ತಲೆಕೆಳಗಾದದ್ದು. ಅಚ್ಚಿನಲ್ಲಿ ಅತ್ಯಂತ ಎತ್ತರವಾಗಿರುವ ಸಮತಲವು ನಾಣ್ಯದಲ್ಲಿ ಬಯಲಾಗುತ್ತದೆ. ಅಚ್ಚಿನಲ್ಲಿ ಆಳವಾಗಿ ಕೊರೆದ ಗುಳಿಯು ನಾಣ್ಯದಲ್ಲಿ ಉಬ್ಬುಚಿತ್ರವಾಗುತ್ತದೆ. ಅಚ್ಚಿನ ಮೇಲೆ ಬಿದ್ದ ಗೀರು ನಾಣ್ಯದ ಮೇಲೆ ಉಬ್ಬಿದ ಗೆರೆಯಾಗಿ ಮೂಡುತ್ತದೆ. ಕನ್ನಡಿ ಹೊಳಪಿನ ಮೂಲವನ್ನು ಪತ್ತೆಹಚ್ಚುವ ಎಲ್ಲ ವಿಧಾನಗಳೂ ಈ ಒಂದು ಸಂಗತಿಯನ್ನು ಆಧರಿಸಿವೆ.

ಕನ್ನಡಿ ಹೊಳಪು ಉಂಟಾಗುವ ಬಗೆ

ಹೊಸ ಅಚ್ಚನ್ನು ಯಂತ್ರಕ್ಕೆ ಜೋಡಿಸುವ ಮುನ್ನ ಅದರ ಮುಖವನ್ನು ಸಾಣೆ ಹಿಡಿದು ನುಣುಪುಗೊಳಿಸುವುದುಂಟು. ಬಳಕೆಯಲ್ಲಿರುವ ಅಚ್ಚಿಗೆ ತುಕ್ಕು ಹಿಡಿದಾಗ, ಅಥವಾ ನಡುವೆ ಬಿಲ್ಲೆಯಿಲ್ಲದೆ ಎರಡು ಅಚ್ಚುಗಳು ಪರಸ್ಪರ ಬಡಿದು ಗುರುತು ಬಿದ್ದಾಗಲೂ ಅದನ್ನು ಮತ್ತೆ ಸಾಣೆ ಹಿಡಿಯಲಾಗುತ್ತದೆ. ಇಂಥ ನುಣುಪಾದ ಅಚ್ಚಿನಿಂದ ಹೊರಬೀಳುವ ಮೊದಲ ನಾಣ್ಯಗಳ ಬಯಲು ಕನ್ನಡಿಯಂತಿರುತ್ತದೆ. ಉಬ್ಬುಚಿತ್ರದ ಗುಳಿಗಳೊಳಗೆ ಸಾಣೆ ತಲುಪುವುದಿಲ್ಲವಾದ್ದರಿಂದ ಮುಖ, ಅಕ್ಷರಗಳು ಮಂಜು ಕವಿದಂತೆ ಮಸುಕು ಬಿಳುಪಾಗಿ ಉಳಿಯಬಹುದು. ಹೊಳೆಯುವ ಬಯಲಿಗೂ ಮಸುಕಾದ ಉಬ್ಬುಚಿತ್ರಕ್ಕೂ ಇರುವ ಈ ಎದ್ದುಕಾಣುವ ವ್ಯತ್ಯಾಸವನ್ನು ಕ್ಯಾಮಿಯೊ ಎನ್ನುತ್ತಾರೆ.

ಈ ಸ್ಥಿತಿ ಬಹುಕಾಲ ಉಳಿಯುವುದಿಲ್ಲ. ಪ್ರತಿ ಹೊಡೆತದಲ್ಲಿಯೂ ಬಿಲ್ಲೆಯ ಲೋಹವು ಒತ್ತಡದಿಂದ ಕೇಂದ್ರದಿಂದ ಅಂಚಿನ ಕಡೆಗೆ ಹರಿಯುತ್ತದೆ. ಹೊಡೆತಗಳ ಸಂಖ್ಯೆ ಏರಿದಂತೆ ಆ ಹರಿವು ಅಚ್ಚಿನ ಮುಖದಲ್ಲಿ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಗೆರೆಗಳನ್ನು ಕೊರೆಯುತ್ತದೆ. ಆ ಗೆರೆಗಳು ಮುಂದಿನ ನಾಣ್ಯಗಳಲ್ಲಿ ಮೂಡಿ ಬೆಳಕನ್ನು ಚದುರಿಸುತ್ತವೆ. ನಾಣ್ಯವನ್ನು ಓರೆಮಾಡಿ ತಿರುಗಿಸಿದಾಗ ಬಂಡಿಯ ಚಕ್ರದ ಅರಗಳಂತೆ ಸುತ್ತುವ ಬೆಳಕಿನ ಪಟ್ಟೆಗಳಿಗೆ ಕಾರಣ ಇದೇ. ಚಲಾವಣೆಗೆ ಹೋಗದ ಸಾಮಾನ್ಯ ನಾಣ್ಯದ ಸಹಜ ಹೊಳಪು ಈ ಬಗೆಯದು. ಒಂದೇ ಅಚ್ಚಿನಿಂದ ಮೊದಲು ಬಂದ ನಾಣ್ಯ ಕನ್ನಡಿಯಂತಿದ್ದು, ಬಹಳ ಹೊಡೆತಗಳ ಬಳಿಕ ಬಂದದ್ದು ರೇಷ್ಮೆಯಂತೆ ಮಿನುಗುವುದರಲ್ಲಿ ಆಶ್ಚರ್ಯವಿಲ್ಲ.

ಪ್ರೂಫ್ ನಾಣ್ಯದಿಂದ ಇರುವ ವ್ಯತ್ಯಾಸ

ಪ್ರೂಫ್ ಎಂಬುದು ತಯಾರಿಕೆಯ ವಿಧಾನದ ಹೆಸರು, ನಾಣ್ಯದ ಸ್ಥಿತಿಯ ಹೆಸರಲ್ಲ. ಪ್ರೂಫ್ ನಾಣ್ಯಕ್ಕಾಗಿ ಅಚ್ಚು ಮತ್ತು ಬಿಲ್ಲೆ ಎರಡನ್ನೂ ವಿಶೇಷವಾಗಿ ನುಣುಪುಗೊಳಿಸಿ, ನಿಧಾನ ಗತಿಯಲ್ಲಿ, ಹೆಚ್ಚಿನ ಒತ್ತಡದಿಂದ, ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಬಾರಿ ಒತ್ತಲಾಗುತ್ತದೆ. ಹೀಗೆ ತಯಾರಾದದ್ದು ಮುಂದೆ ಸಂತೆಯಲ್ಲಿ ಚಲಾವಣೆಯಾಗಿ ಸವೆದರೂ ಅದು ಸವೆದ ಪ್ರೂಫ್ ನಾಣ್ಯವೇ. ಪ್ರೂಫ್‌ಲೈಕ್ ನಾಣ್ಯವಾದರೋ ಸಾಮಾನ್ಯ ಯಂತ್ರದಲ್ಲಿ, ಸಾಮಾನ್ಯ ವೇಗದಲ್ಲಿ ಹೊರಬಂದದ್ದು. ಅದರ ಕನ್ನಡಿ ಹೊಳಪು ಟಂಕಸಾಲೆ ಉದ್ದೇಶಿಸದೆ ಬಂದದ್ದು.

ಎರಡನ್ನೂ ಬೇರ್ಪಡಿಸಲು ಮುಖ್ಯವಾಗಿ ಈ ಅಂಶಗಳನ್ನು ನೋಡಲಾಗುತ್ತದೆ:

• ಅಂಚು: ಪ್ರೂಫ್ ನಾಣ್ಯದ ಅಂಚಿನ ಏಣು ಚೌಕವಾಗಿ, ಚೂಪಾಗಿ ಇರುತ್ತದೆ. ಪ್ರೂಫ್‌ಲೈಕ್ ನಾಣ್ಯದಲ್ಲಿ ಅದು ತುಸು ದುಂಡಗಿರುತ್ತದೆ.
• ವಿವರ: ಪ್ರೂಫ್ ನಾಣ್ಯದಲ್ಲಿ ಕೂದಲಿನ ಎಳೆ, ಕಿರೀಟದ ಮಣಿಗಳಂಥ ಸಣ್ಣ ವಿವರಗಳೂ ಪೂರ್ಣವಾಗಿ ಮೂಡಿರುತ್ತವೆ. ಪ್ರೂಫ್‌ಲೈಕ್ ನಾಣ್ಯದ ಬಯಲು ಹೊಳೆದರೂ ಉಬ್ಬುಚಿತ್ರದ ನಡುಭಾಗ ಸಪ್ಪೆಯಾಗಿರಬಹುದು.
• ತಾಗು ಗುರುತು: ಸಾಮಾನ್ಯ ನಾಣ್ಯಗಳು ಯಂತ್ರದಿಂದ ರಾಶಿಗೆ ಬಿದ್ದು, ಚೀಲದಲ್ಲಿ ಒಂದಕ್ಕೊಂದು ತಾಗುತ್ತವೆ. ಆ ಗುರುತುಗಳು ಪ್ರೂಫ್‌ಲೈಕ್ ಬಯಲಿನಲ್ಲಿ ಎದ್ದು ಕಾಣುತ್ತವೆ. ಪ್ರೂಫ್ ನಾಣ್ಯಗಳನ್ನು ಒಂದೊಂದಾಗಿ ಎತ್ತಿ ಇಡುವುದರಿಂದ ಅವುಗಳಲ್ಲಿ ಇದು ಅಪರೂಪ.
• ಟಂಕಸಾಲೆಯ ಗುರುತು: ಕೆಲವು ದೇಶಗಳಲ್ಲಿ ಪ್ರೂಫ್ ನಾಣ್ಯಕ್ಕೆ ಪ್ರತ್ಯೇಕ ಗುರುತು ಇರುತ್ತದೆ. ಭಾರತದ ವಿಷಯವನ್ನು ಮುಂದೆ ವಿವರಿಸಲಾಗಿದೆ.

ಪರೀಕ್ಷೆಯ ಕ್ರಮ

ಹಿಡಿಯುವ ರೀತಿ ಮತ್ತು ಬೆಳಕು

ನಾಣ್ಯವನ್ನು ಹೆಬ್ಬೆರಳು ಮತ್ತು ತೋರುಬೆರಳಿನಿಂದ ಅಂಚಿನಲ್ಲಿ ಮಾತ್ರ ಹಿಡಿಯಬೇಕು. ಕೆಳಗೆ ಮೆತ್ತನೆಯ ಬಟ್ಟೆ ಹಾಸಿರಬೇಕು. ಕನ್ನಡಿ ಬಯಲಿಗೆ ಬೆರಳಿನ ಬೆವರು ಅಥವಾ ಜಿಡ್ಡು ತಗುಲಿದರೆ ಕಾಲಕ್ರಮದಲ್ಲಿ ಕಲೆಯಾಗಿ ಅಚ್ಚೊತ್ತಿಬಿಡುತ್ತದೆ. ಪರೀಕ್ಷೆಗೆ ಮುನ್ನ ನಾಣ್ಯವನ್ನು ಒರೆಸುವುದು ಸಲ್ಲದು. ಕೋಣೆಯ ಉಳಿದ ದೀಪಗಳನ್ನು ಆರಿಸಿ, ಒಂದೇ ದೀಪದ ಕೆಳಗೆ ನೋಡುವುದು ಒಳ್ಳೆಯದು. ಟ್ಯೂಬ್‌ಲೈಟಿನಂತಹ ಹರಡಿದ ಬೆಳಕಿನಲ್ಲಿ ಕನ್ನಡಿ ಹೊಳಪಿಗೂ ಸಾಮಾನ್ಯ ಮಿನುಗಿಗೂ ಇರುವ ವ್ಯತ್ಯಾಸ ಮಸುಕಾಗುತ್ತದೆ.

ಪ್ರತಿಬಿಂಬದ ದೂರ

ಮೇಜಿನ ಮೇಲೆ ಅಡಿಪಟ್ಟಿಯನ್ನು ಲಂಬವಾಗಿ ನಿಲ್ಲಿಸಿ, ಅದರ ಬುಡದಲ್ಲಿ ನಾಣ್ಯವನ್ನಿಟ್ಟು, ಅಡಿಪಟ್ಟಿಯ ಅಂಕಿಗಳು ಬಯಲಿನಲ್ಲಿ ಎಷ್ಟು ಎತ್ತರದವರೆಗೆ ಓದುವಷ್ಟು ಸ್ಪಷ್ಟವಾಗಿ ಪ್ರತಿಬಿಂಬಿಸುತ್ತವೆ ಎಂದು ನೋಡುವುದು ರೂಢಿಯ ವಿಧಾನ. ಅಡಿಪಟ್ಟಿಯ ಬದಲು ಅಚ್ಚಾದ ಅಕ್ಷರಗಳಿರುವ ಕಾಗದವನ್ನೂ ಬಳಸಬಹುದು. ಸುಮಾರು 2ರಿಂದ 4 ಅಂಗುಲದವರೆಗೆ, ಅಂದರೆ 5ರಿಂದ 10 ಸೆಂಟಿಮೀಟರಿನವರೆಗೆ, ಅಕ್ಷರಗಳು ಸ್ಪಷ್ಟವಾಗಿದ್ದರೆ ನಾಣ್ಯವನ್ನು ಪ್ರೂಫ್‌ಲೈಕ್ ಎಂದು ಪರಿಗಣಿಸಬಹುದು. ಸುಮಾರು 6 ಅಂಗುಲ ಅಥವಾ ಅದಕ್ಕೂ ಹೆಚ್ಚಿನ ದೂರದಲ್ಲಿ ಸ್ಪಷ್ಟತೆ ಉಳಿದರೆ ಅದು ಆಳ ಕನ್ನಡಿಯ ವರ್ಗಕ್ಕೆ ಸೇರುತ್ತದೆ. ಇವು ಮಾರ್ಗದರ್ಶಕ ಅಳತೆಗಳೇ ಹೊರತು ಎಲ್ಲರೂ ಒಪ್ಪಿದ ಕಟ್ಟುನಿಟ್ಟಿನ ಮಾನದಂಡವಲ್ಲ. ಬೆಳಕು ಮತ್ತು ನೋಡುವವರ ಕಣ್ಣಿಗೆ ತಕ್ಕಂತೆ ಫಲಿತಾಂಶ ಬದಲಾಗುತ್ತದೆ.

ಇಲ್ಲಿ ಗಮನಿಸಬೇಕಾದದ್ದು ಹೊಳಪಿನ ಪ್ರಖರತೆಯನ್ನಲ್ಲ, ಪ್ರತಿಬಿಂಬದ ಸ್ಪಷ್ಟತೆಯನ್ನು. ಕಣ್ಣು ಕೋರೈಸುವಂತೆ ಮಿಂಚುವ ಹೊಸ ನಾಣ್ಯದಲ್ಲಿ ಅಕ್ಷರಗಳು ಕದಡಿದಂತೆ ಕಂಡರೆ ಅದು ಪ್ರೂಫ್‌ಲೈಕ್ ಅಲ್ಲ.

ಎರಡೂ ಬದಿಗಳ ಪರೀಕ್ಷೆ

ಮುಂಬದಿ ಮತ್ತು ಹಿಂಬದಿಗಳ ಅಚ್ಚುಗಳು ಬೇರೆ ಬೇರೆಯಾದ್ದರಿಂದ ಒಂದು ಬದಿ ಕನ್ನಡಿಯಂತಿದ್ದು ಇನ್ನೊಂದು ಸಾಮಾನ್ಯವಾಗಿರುವುದು ಅಪರೂಪವಲ್ಲ. ದುರ್ಬಲವಾದ ಬದಿ ಯಾವ ವರ್ಗಕ್ಕೆ ಸೇರುತ್ತದೆಯೋ ಇಡೀ ನಾಣ್ಯವನ್ನು ಆ ವರ್ಗಕ್ಕೆ ಸೇರಿಸುವುದು ಪದ್ಧತಿ. ಪ್ರತಿ ಬದಿಯಲ್ಲಿಯೂ ಬಯಲಿನ ಎಲ್ಲ ಭಾಗಗಳನ್ನು ನೋಡಬೇಕು. ಮುಖದ ಮುಂದಿನ ವಿಶಾಲ ಜಾಗ ಹೊಳೆದು, ಅಕ್ಷರಗಳ ನಡುವಿನ ಸಂದುಗಳು ಮಂಕಾಗಿದ್ದರೆ ಅನುಮಾನಕ್ಕೆ ಕಾರಣವಿದೆ.

ಗೆರೆಗಳ ಓದು

ಐದು ಅಥವಾ ಹತ್ತು ಪಟ್ಟು ಹಿಗ್ಗಿಸುವ ಮಸೂರದಲ್ಲಿ ಬಯಲನ್ನು ನೋಡಿದಾಗ ಹೆಚ್ಚಿನ ಕನ್ನಡಿ ನಾಣ್ಯಗಳಲ್ಲಿ ಸಣ್ಣ ಗೆರೆಗಳು ಕಾಣುತ್ತವೆ. ಅವು ಎರಡು ಬಗೆ. ಅಚ್ಚನ್ನು ಸಾಣೆ ಹಿಡಿದಾಗ ಬಿದ್ದ ಗೀರುಗಳು ನಾಣ್ಯದ ಮೇಲೆ ಉಬ್ಬಿದ ಗೆರೆಗಳಾಗಿರುತ್ತವೆ. ಅವು ಬಯಲಿನಲ್ಲಿ ಸಾಗಿ ಅಕ್ಷರದ ಬುಡಕ್ಕೆ ಬಂದೊಡನೆ ನಿಂತು, ಅಕ್ಷರದ ಆಚೆ ಬದಿಯಲ್ಲಿ ಅದೇ ನೇರದಲ್ಲಿ ಮುಂದುವರಿಯುತ್ತವೆ. ಅಕ್ಷರದ ತಲೆಯ ಮೇಲೆ ಅವು ಇರುವುದಿಲ್ಲ; ಏಕೆಂದರೆ ಅಚ್ಚಿನಲ್ಲಿ ಆ ಅಕ್ಷರ ಗುಳಿಯೊಳಗಿತ್ತು, ಸಾಣೆ ಅಲ್ಲಿಗೆ ಇಳಿಯಲಿಲ್ಲ.

ನಾಣ್ಯವನ್ನೇ ಉಜ್ಜಿದಾಗ ನಡೆಯುವುದು ಇದಕ್ಕೆ ತೀರ ವಿರುದ್ಧ. ಬಟ್ಟೆ ಅಥವಾ ಪುಡಿ ಮೊದಲು ತಾಗುವುದು ಉಬ್ಬುಚಿತ್ರದ ನೆತ್ತಿಗೆ. ಅಕ್ಷರಗಳ ಬುಡದ ಮೂಲೆಗಳಿಗೆ ಅದು ತಲುಪುವುದೇ ಇಲ್ಲ. ಅದರ ಗೀರುಗಳು ತಗ್ಗಾಗಿರುತ್ತವೆ, ಕೆನ್ನೆ, ಕಿರೀಟ, ಅಕ್ಷರಗಳ ಮೇಲೆಯೂ ಹಾದುಹೋಗುತ್ತವೆ ಮತ್ತು ಸಂದುಗಳಲ್ಲಿ ಹಳೆಯ ಕಪ್ಪು ಉಳಿದಿರುತ್ತದೆ. ಗೆರೆ ಉಬ್ಬೋ ತಗ್ಗೋ ಎಂದು ತಿಳಿಯಲು ದೀಪದ ಕೆಳಗೆ ನಾಣ್ಯವನ್ನು ನಿಧಾನವಾಗಿ ತಿರುಗಿಸಿ, ಅಕ್ಷರಗಳ ನೆರಳು ಬೀಳುವ ಕಡೆಗೇ ಗೆರೆಯ ನೆರಳೂ ಬೀಳುತ್ತದೆಯೇ ಎಂದು ಹೋಲಿಸಬೇಕು. ಒಂದೇ ಕಡೆ ಬಿದ್ದರೆ ಗೆರೆ ಉಬ್ಬಿದ್ದು; ಎದುರು ಕಡೆ ಬಿದ್ದರೆ ತಗ್ಗಾದದ್ದು.

ಕೃತಕ ಹೊಳಪು

ಹೊಳಪನ್ನು ಕೃತಕವಾಗಿ ಬರಿಸುವ ಮುಖ್ಯ ಬಗೆಗಳು ಇವು:

• ಬಟ್ಟೆಯ ಚಕ್ರ ಅಥವಾ ಪಾಲಿಶ್: ಅಕ್ಕಸಾಲೆಯಲ್ಲಿ ಒಡವೆಗೆ ಮೆರುಗು ಕೊಡುವಂತೆ ನಾಣ್ಯಕ್ಕೂ ಕೊಡುವುದು. ಬಯಲು ಹೊಳೆಯುತ್ತದೆ, ಆದರೆ ಅಕ್ಷರಗಳ ಏಣು ಕರಗಿದಂತೆ ದುಂಡಗಾಗುತ್ತದೆ.
• ತಂತಿಯ ಕುಂಚ: ಸೂಕ್ಷ್ಮ ಕುಂಚವನ್ನು ವೇಗವಾಗಿ ತಿರುಗಿಸಿ ಉಜ್ಜಿದಾಗ ದೂರದಿಂದ ಸಹಜ ಹೊಳಪಿನಂತೆ ಕಾಣುತ್ತದೆ. ಮಸೂರದಲ್ಲಿ ಒಂದೇ ದಿಕ್ಕಿನ ಗೀರುಗಳೂ, ಅಕ್ಷರಗಳ ಒಂದು ಪಕ್ಕಕ್ಕೆ ದೂಡಲ್ಪಟ್ಟ ಲೋಹದ ಏಣೂ ಕಾಣುತ್ತವೆ.
• ರಾಸಾಯನಿಕ ದ್ರಾವಣ: ಬೆಳ್ಳಿಯ ಕಪ್ಪನ್ನು ಕರಗಿಸುವ ದ್ರಾವಣವು ಅದರ ಜೊತೆಗೆ ಮೇಲ್ಮೈಯ ತೆಳು ಪದರವನ್ನೂ ಕೊಂಡೊಯ್ಯುತ್ತದೆ. ಮತ್ತೆ ಮತ್ತೆ ಅದ್ದಿದರೆ ಹೊಳಪು ಹೆಚ್ಚುವ ಬದಲು ನಿರ್ಜೀವವಾಗುತ್ತದೆ.
• ಲೇಪ: ಬೆಳ್ಳಿ, ನಿಕಲ್ ಅಥವಾ ಕ್ರೋಮಿಯಂ ಲೇಪಿಸಿದ ನಾಣ್ಯದಲ್ಲಿ ಬಯಲು, ಉಬ್ಬುಚಿತ್ರ, ಸವೆದ ಭಾಗ ಎಲ್ಲವೂ ಒಂದೇ ತೆರನಾಗಿ ಹೊಳೆಯುತ್ತವೆ. ಸವೆದ ನಾಣ್ಯದ ಮೇಲೆ ಏಕರೂಪದ ಕನ್ನಡಿ ಹೊಳಪು ಇರಲು ಸಹಜವಾದ ಕಾರಣವಿಲ್ಲ.

ಮಾರ್ಗನ್ ಡಾಲರ್ ಮತ್ತು ವರ್ಗೀಕರಣ

ಪ್ರೂಫ್‌ಲೈಕ್ ವರ್ಗೀಕರಣ ಹೆಚ್ಚು ಬೆಳೆದದ್ದು ಅಮೆರಿಕದ ಮಾರ್ಗನ್ ಬೆಳ್ಳಿ ಡಾಲರುಗಳ ಸಂಗ್ರಹದಲ್ಲಿ. ಜಾರ್ಜ್ ಟಿ. ಮಾರ್ಗನ್ ವಿನ್ಯಾಸಗೊಳಿಸಿದ ಈ ನಾಣ್ಯ 1878ರಿಂದ 1904ರವರೆಗೆ ಮತ್ತು 1921ರಲ್ಲಿ ಚಲಾವಣೆಗಾಗಿ ಟಂಕಿಸಲ್ಪಟ್ಟಿತು. ಇದರ ವ್ಯಾಸ 38.1 ಮಿ.ಮೀ., ತೂಕ 26.73 ಗ್ರಾಂ. ವಿಶಾಲವಾದ ಬಯಲು ಇದ್ದುದರಿಂದಲೂ, ಅಚ್ಚಿಗೆ ಸರಿಯಾದ ಬಾಗು ಕೊಡಲು ಅದರ ಮುಖವನ್ನು ತಿರುಗುವ ತಟ್ಟೆಯ ಮೇಲೆ ಸಾಣೆ ಹಿಡಿಯುತ್ತಿದ್ದುದರಿಂದಲೂ ಕನ್ನಡಿ ಹೊಳಪು ಇದರಲ್ಲಿ ಎದ್ದು ಕಾಣುತ್ತದೆ. ಸ್ಯಾನ್ ಫ್ರಾನ್ಸಿಸ್ಕೊ ಟಂಕಸಾಲೆಯ 1880 ಮತ್ತು 1881ರ ಡಾಲರುಗಳು ಇದಕ್ಕೆ ಹೆಸರಾಗಿವೆ.

1986ರಲ್ಲಿ ಆರಂಭವಾದ ಪಿಸಿಜಿಎಸ್ ಮತ್ತು 1987ರಲ್ಲಿ ಆರಂಭವಾದ ಎನ್‌ಜಿಸಿ ಎಂಬ ನಾಣ್ಯ ಶ್ರೇಣೀಕರಣ ಸಂಸ್ಥೆಗಳು ಇಂಥ ನಾಣ್ಯಗಳಿಗೆ ಪಿಎಲ್ ಎಂಬ ಗುರುತು ಕೊಡುತ್ತವೆ. ಆಳ ಕನ್ನಡಿಯ ನಾಣ್ಯವನ್ನು ಮೊದಲನೆಯದು ಡಿಎಂಪಿಎಲ್ ಎಂದೂ ಎರಡನೆಯದು ಡಿಪಿಎಲ್ ಎಂದೂ ಗುರುತಿಸುತ್ತದೆ. ಕೆನಡಾದಲ್ಲಿ ಈ ಪದಕ್ಕೆ ಬೇರೆ ಅರ್ಥವೂ ಇದೆ. ಅಲ್ಲಿನ ಟಂಕಸಾಲೆ 1950 ಮತ್ತು 1960ರ ದಶಕಗಳಲ್ಲಿ ಸಂಗ್ರಾಹಕರಿಗೆಂದೇ ಮಾರಿದ ನಾಣ್ಯಗುಚ್ಛಗಳಿಗೆ ಪ್ರೂಫ್‌ಲೈಕ್ ಎಂಬ ಹೆಸರು ಬಳಕೆಯಲ್ಲಿದೆ. ಆದ್ದರಿಂದ ಪಟ್ಟಿಯಲ್ಲಿ ಈ ಪದ ಕಂಡಾಗ ಅದು ಯಾವ ಅರ್ಥದಲ್ಲಿದೆ ಎಂದು ಗಮನಿಸಬೇಕು.

ಭಾರತದ ನಾಣ್ಯಗಳಲ್ಲಿ

ಭಾರತದಲ್ಲಿ ಮುಂಬಯಿ, ಕೋಲ್ಕತ್ತ, ಹೈದರಾಬಾದ್ ಮತ್ತು ನೋಯ್ಡಾಗಳಲ್ಲಿ ಸರ್ಕಾರಿ ಟಂಕಸಾಲೆಗಳಿವೆ. ಚಲಾವಣೆಯ ನಾಣ್ಯಗಳಲ್ಲಿ ಇಸವಿಯ ಕೆಳಗೆ ವಜ್ರಾಕೃತಿ ಇದ್ದರೆ ಮುಂಬಯಿ, ನಕ್ಷತ್ರವಿದ್ದರೆ ಹೈದರಾಬಾದ್, ಚುಕ್ಕೆಯಿದ್ದರೆ ನೋಯ್ಡಾ, ಯಾವ ಗುರುತೂ ಇಲ್ಲದಿದ್ದರೆ ಕೋಲ್ಕತ್ತ ಎಂಬುದು ಸಾಮಾನ್ಯ ನಿಯಮ. ಮಹಾತ್ಮ ಗಾಂಧಿಯವರ ಜನ್ಮಶತಮಾನೋತ್ಸವದ 1969ರ ನಾಣ್ಯಗಳಿಂದ ಮೊದಲ್ಗೊಂಡು ಮುಂಬಯಿಯ ಪ್ರೂಫ್ ನಾಣ್ಯಗಳ ಮೇಲೆ ವಜ್ರಾಕೃತಿಯ ಬದಲು ರೋಮನ್ ಲಿಪಿಯ ಬಿ ಅಕ್ಷರವಿದೆ. ನಗರದ ಹೆಸರು ಬದಲಾದ ಬಳಿಕ, 1996ರಿಂದ, ಅದರ ಜಾಗಕ್ಕೆ ಎಂ ಅಕ್ಷರ ಬಂತು. ಹೀಗಾಗಿ 1969ರ ಗಾಂಧಿ ರೂಪಾಯಿಯೊಂದು ಕನ್ನಡಿಯಂತೆ ಹೊಳೆಯುತ್ತಿದ್ದು ಅದರಲ್ಲಿ ವಜ್ರಾಕೃತಿ ಇದ್ದರೆ ಅದನ್ನು ಮುಂಬಯಿಯ ಪ್ರೂಫ್ ಎಂದು ಮಾರುವುದು ತಪ್ಪು. ಅದು ಪ್ರೂಫ್‌ಲೈಕ್ ಇರಬಹುದು ಅಥವಾ ಉಜ್ಜಿದ ನಾಣ್ಯವಿರಬಹುದು. ಕೋಲ್ಕತ್ತದ ನಾಣ್ಯಗಳಲ್ಲಿ ಈ ಅನುಕೂಲವಿಲ್ಲ. ಅಲ್ಲಿ ಅಂಚು ಮತ್ತು ವಿವರಗಳನ್ನೇ ನೆಚ್ಚಬೇಕು.

ಬ್ರಿಟಿಷರ ಕಾಲದ ನಾಣ್ಯಗಳಲ್ಲಿ ಇನ್ನೊಂದು ತೊಡಕಿದೆ. ಕಲ್ಕತ್ತ ಮತ್ತು ಬೊಂಬಾಯಿ ಟಂಕಸಾಲೆಗಳು ಸಂಗ್ರಾಹಕರ ಕೋರಿಕೆಯ ಮೇರೆಗೆ ಹಳೆಯ ಅಚ್ಚುಗಳಿಂದ ನಾಣ್ಯಗಳನ್ನು ಮತ್ತೆ ಟಂಕಿಸಿ ಕೊಡುತ್ತಿದ್ದವು. ಈ ಪದ್ಧತಿ 1970ರಲ್ಲಿ ನಿಂತಿತು. ಇಂಥ ಮರುಟಂಕನಗಳ ಬಯಲೂ ಕನ್ನಡಿಯಂತಿರುತ್ತದೆ. ಹಳೆಯ ಅಚ್ಚಿಗೆ ತುಕ್ಕು ಹಿಡಿದಿದ್ದರೆ ಅದರ ಸಣ್ಣ ಗುಳಿಗಳು ನಾಣ್ಯದಲ್ಲಿ ಉಬ್ಬಿದ ಚುಕ್ಕೆಗಳಾಗಿ ಕಾಣುತ್ತವೆ. ಅವು ನಕಲಿಗಳಲ್ಲ, ಆದರೆ ಆ ಇಸವಿಯಲ್ಲಿ ಚಲಾವಣೆಗೆ ಬಂದ ಪ್ರೂಫ್‌ಲೈಕ್ ನಾಣ್ಯಗಳೂ ಅಲ್ಲ.

ಕರ್ನಾಟಕದ ಸಂದರ್ಭ

ಕರ್ನಾಟಕದ ಸ್ಥಳೀಯ ರಾಜವಂಶಗಳ ನಾಣ್ಯಗಳಿಗೆ ಪ್ರೂಫ್‌ಲೈಕ್ ಎಂಬ ವರ್ಗ ಅನ್ವಯಿಸುವುದಿಲ್ಲ. ಚನ್ನಗಿರಿ, ಉಬ್ರಾಣಿ, ಹೊನ್ನಾಳಿಗಳ ಸೀಮೆಯೂ ಸೇರಿದಂತೆ ಮಲೆನಾಡಿನ ಅಂಚಿನ ಪ್ರದೇಶದಲ್ಲಿ ಒಂದು ಕಾಲಕ್ಕೆ ಕೆಳದಿ ನಾಯಕರ ಆಳ್ವಿಕೆಯಿತ್ತು. ಅವರ ಇಕ್ಕೇರಿ ವರಾಹದ ಒಂದು ಬದಿಯಲ್ಲಿ ಶಿವಪಾರ್ವತಿಯರೂ ಇನ್ನೊಂದು ಬದಿಯಲ್ಲಿ ಸದಾಶಿವನ ಹೆಸರಿನ ನಾಗರಿ ಬರಹವೂ ಇವೆ. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿಯು ಶಿವಪಾರ್ವತಿಯರ ಚಿತ್ರವನ್ನು ಹಾಗೆಯೇ ಉಳಿಸಿ, ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲ ಪರ್ಷಿಯನ್ ಅಕ್ಷರವನ್ನು ಹಾಕಿಸಿ ಬಹದ್ದೂರಿ ವರಾಹವನ್ನು ಹೊರತಂದನು. ಇವೆಲ್ಲ ಸುತ್ತಿಗೆಯ ಏಟಿನಿಂದ ಕೈಯಲ್ಲಿ ಟಂಕಿಸಿದವು. ಬಿಲ್ಲೆ ಏರುಪೇರು, ಬಯಲು ಕಿರಿದು. ಇಂಥ ವರಾಹ ಅಥವಾ ಹಣದ ಬಯಲಿನಲ್ಲಿ ಕನ್ನಡಿಯ ಪ್ರತಿಬಿಂಬ ಕಂಡರೆ ಅದು ಒಡವೆಯಲ್ಲಿದ್ದು ಮೆರುಗು ಪಡೆದದ್ದು ಅಥವಾ ಇತ್ತೀಚಿನ ತಯಾರಿಕೆ ಎಂದು ಶಂಕಿಸಬೇಕು.

ಯಂತ್ರದಲ್ಲಿ ಟಂಕಿಸಿದ ಬೆಳ್ಳಿ ರೂಪಾಯಿಗಳ ಕಥೆ ಬೇರೆ. ವಿಕ್ಟೋರಿಯಾ, ಏಳನೆಯ ಎಡ್ವರ್ಡ್ ಮತ್ತು ಐದನೆಯ ಜಾರ್ಜರ ರೂಪಾಯಿಗಳು 11.66 ಗ್ರಾಂ ತೂಗುತ್ತವೆ, ಅವುಗಳಲ್ಲಿ ಬೆಳ್ಳಿಯ ಪಾಲು ಶೇಕಡಾ 91.7ರಷ್ಟಿದೆ. ದಾವಣಗೆರೆ, ಶಿವಮೊಗ್ಗ ಭಾಗದ ಹಳ್ಳಿಗಳಲ್ಲಿಯೂ ರಾಜ್ಯದ ಉಳಿದೆಡೆಗಳಲ್ಲಿಯೂ ಇವು ಪೆಟ್ಟಿಗೆಯಲ್ಲಿ, ದೇವರ ಮನೆಯಲ್ಲಿ ಉಳಿದುಬಂದಿವೆ. ದೀಪಾವಳಿಯ ಲಕ್ಷ್ಮೀಪೂಜೆಯಲ್ಲಿ, ವರಮಹಾಲಕ್ಷ್ಮಿ ವ್ರತದಲ್ಲಿ ಕಳಶದ ಬಳಿ ಇಡಲ್ಪಡುತ್ತವೆ. ಪೂಜೆಗೆ ಮುನ್ನ ವಿಭೂತಿ, ಸೀಗೆಪುಡಿ, ಪಾತ್ರೆ ಬೆಳಗುವ ಪುಡಿ ಅಥವಾ ಹಲ್ಲುಜ್ಜುವ ಪೇಸ್ಟಿನಿಂದ ಉಜ್ಜುವುದು ವಾಡಿಕೆ. ಇವೆಲ್ಲವೂ ನುಣ್ಣನೆಯ ಮರಳಿನಂತೆ ಕೆಲಸಮಾಡುತ್ತವೆ. ಹಲವು ದಶಕ ಹೀಗೆ ಬೆಳಗಿದ ರೂಪಾಯಿ ದೀಪದೆದುರು ಥಳಥಳಿಸುತ್ತದೆ, ಆದರೆ ರಾಣಿಯ ಕೆನ್ನೆಯ ಮೇಲೆ ಗೀರುಗಳಿರುತ್ತವೆ, ಕಿರೀಟದ ವಿವರ ಅಳಿಸಿರುತ್ತದೆ, ಅಕ್ಷರಗಳ ಸಂದಿನಲ್ಲಿ ಕಪ್ಪು ಕೂತಿರುತ್ತದೆ. ಇದನ್ನು ಪ್ರೂಫ್‌ಲೈಕ್ ಎಂದು ತಿಳಿದು ಹೆಚ್ಚಿನ ಬೆಲೆ ಕೊಡುವವರಿಗೆ ನಷ್ಟವಾಗುತ್ತದೆ. ಅದೇ ರೀತಿ, ಬಳಸದೆ ಇಟ್ಟಿದ್ದ ನಿಜವಾದ ಕನ್ನಡಿ ನಾಣ್ಯವೊಂದನ್ನು ಮಾರುವ ಮುನ್ನ ಚೊಕ್ಕಗೊಳಿಸಲೆಂದು ಒಮ್ಮೆ ಉಜ್ಜಿದರೂ ಅದರ ವಿಶೇಷ ಮೌಲ್ಯ ಶಾಶ್ವತವಾಗಿ ಹೋಗುತ್ತದೆ. ಪೂಜೆಯ ನಾಣ್ಯವಾಗಿ ಅದರ ಸ್ಥಾನಕ್ಕೆ ಇದರಿಂದ ಕುಂದಿಲ್ಲ. ಕುಂದುವುದು ಸಂಗ್ರಹದ ಮೌಲ್ಯ ಮಾತ್ರ.

ಆಭರಣದಂಗಡಿಗಳಲ್ಲಿ ಸಿಗುವ ಲಕ್ಷ್ಮಿ, ಗಣಪತಿಯರ ಚಿತ್ರವಿರುವ ಬೆಳ್ಳಿ ಬಿಲ್ಲೆಗಳಲ್ಲಿಯೂ ಕನ್ನಡಿ ಬಯಲು, ಮಸುಕಾದ ಉಬ್ಬುಚಿತ್ರ ಇರುತ್ತವೆ. ಇವುಗಳ ಮೇಲೆ ಸರ್ಕಾರ ನಿಗದಿಪಡಿಸಿದ ಮುಖಬೆಲೆಯಿಲ್ಲವಾದ್ದರಿಂದ ಇವು ಪದಕಗಳೇ ಹೊರತು ನಾಣ್ಯಗಳಲ್ಲ.

ಬಸವೇಶ್ವರರ ಸ್ಮರಣಾರ್ಥ 2006ರಲ್ಲಿ ಭಾರತ ಸರ್ಕಾರ 100 ರೂಪಾಯಿ ಮತ್ತು 5 ರೂಪಾಯಿ ನಾಣ್ಯಗಳನ್ನು ಹೊರಡಿಸಿತು. 100 ರೂಪಾಯಿಯದು ಸಂಗ್ರಾಹಕರ ಗುಚ್ಛಗಳಿಗೆ ಮೀಸಲಾದದ್ದು; 5 ರೂಪಾಯಿಯದು ಚಲಾವಣೆಗೂ ಬಂತು. ಚಿಲ್ಲರೆಯಲ್ಲಿ ದೊರೆತ ಬಸವೇಶ್ವರ ನಾಣ್ಯ ಹೊಸದಾಗಿ ಮಿನುಗುತ್ತಿದ್ದರೆ ಅಷ್ಟರಿಂದಲೇ ಅದನ್ನು ಪ್ರೂಫ್‌ಲೈಕ್ ಎನ್ನಲಾಗದು. ಮೇಲೆ ಹೇಳಿದ ಪ್ರತಿಬಿಂಬದ ಪರೀಕ್ಷೆಯಲ್ಲಿ ಎರಡೂ ಬದಿ ತೇರ್ಗಡೆಯಾಗಬೇಕು. ವಿದ್ಯಾರ್ಥಿಗಳು ಇಂಥ ಕಡಿಮೆ ಬೆಲೆಯ ನಾಣ್ಯಗಳಲ್ಲಿ ಅಭ್ಯಾಸ ಮಾಡಿ, ಬಳಿಕ ಬೆಳ್ಳಿ ನಾಣ್ಯಗಳ ಪರೀಕ್ಷೆಗೆ ಹೋಗುವುದು ಅನುಕೂಲಕರ.

ಸಂರಕ್ಷಣೆ

ಕನ್ನಡಿ ಬಯಲು ಅತಿ ಸೂಕ್ಷ್ಮವಾದದ್ದು. ಮೆತ್ತನೆಯ ಬಟ್ಟೆಯಿಂದ ಒಮ್ಮೆ ಒರೆಸಿದರೂ ಕೂದಲೆಳೆಯಂಥ ಗೀರುಗಳು ಬೀಳಬಹುದು. ಮೃದುವಾದ ಪಿವಿಸಿ ಪ್ಲಾಸ್ಟಿಕ್ ಚೀಲಗಳು ಕಾಲಕ್ರಮದಲ್ಲಿ ಜಿಗುಟಾದ ಹಸಿರು ಪದಾರ್ಥವನ್ನು ಬಿಟ್ಟು ಲೋಹವನ್ನು ಕೆಡಿಸುವುದರಿಂದ ಅವುಗಳನ್ನು ಬಳಸಬಾರದು. ಗಟ್ಟಿಯಾದ ಪಾರದರ್ಶಕ ಡಬ್ಬಿಗಳು ಸುರಕ್ಷಿತ. ಮಲೆನಾಡಿನ ಮಳೆಗಾಲದ ತೇವದಲ್ಲಿ ನಾಣ್ಯಗಳ ಜೊತೆ ತೇವ ಹೀರುವ ಸಿಲಿಕಾ ಪೊಟ್ಟಣ ಇಡುವುದು ಒಳ್ಳೆಯದು. ಬೆಳ್ಳಿಯ ಮೇಲೆ ಸಹಜವಾಗಿ ಕೂತ ತೆಳುವಾದ ಬಣ್ಣ ಪ್ರತಿಬಿಂಬವನ್ನು ತುಸು ಮಸುಕುಗೊಳಿಸಬಹುದಾದರೂ ಅದು ನಾಣ್ಯಕ್ಕೆ ಕೇಡಲ್ಲ. ಅದನ್ನು ತೆಗೆಯುವ ಪ್ರಯತ್ನವೇ ಹೆಚ್ಚು ಹಾನಿಕರ. ಬೆಲೆಬಾಳುವ ನಾಣ್ಯವೆಂದು ಅನುಮಾನವಿದ್ದಲ್ಲಿ ಅದನ್ನು ಇದ್ದ ಸ್ಥಿತಿಯಲ್ಲಿಯೇ ಅನುಭವಿಗಳಿಗೆ ತೋರಿಸುವುದು ಕ್ಷೇಮ.